ಸಮುದ್ರದಾಚೆ ಹರಿದ ನಮ್ಮ ಮನಿ ಕರಿ

ನಮ್ಮ ಅಂಗಳದ ಹಗ್ಗದ ಮ್ಯಾಲೆ ಒಂದು ಕೆಂಪು ಬನಿಯನ್ನು ಒಣಗಾಕತ್ತೈತಿ. ಬನಿಯನ್ನು ಅಂದ್ರ ಒಳಗ ಹಾಕ್ಕೊಳ್ಳೂದಲ್ಲ, ಚೆಂಡಾಟ ಆಡೋರು ಮ್ಯಾಲೆ ಹಾಕ್ಕೊಳ್ಳೂದು. ಎದಿ ಮ್ಯಾಲೆ ಒಂದು ಬಿಳಿ ಹೋರಿ ಚಿತ್ರ ಐತಿ. ಬೆನ್ನಿನ ಡುಬ್ಬ ಎದ್ದು ಕಾಣತೈತಿ, ಕೊಳ್ಳಾಗ ಗಂಗೆದೊಗಲು ಜೋತು ಬಿದ್ದೈತಿ. ಓಣಿಯವರು ಬಂದು "ಇದು ಯಾವ ಮಠದ್ದ ನೀಲವ್ವಾ?" ಅಂತ ಕೇಳತಾರ. ನಮ್ಮ ಬಾಗೇವಾಡಿ ಕಡೆಯವರಿಗೆ ಎತ್ತು ಕಂಡ್ರ ಕೈ ಮುಗಿಯೂ ಚಟ. ಒಬ್ಬಾಕಿ ಬನಿಯನ್ನಿಗೂ ಕೈ ಮುಗದು ಹೋದ್ಲು. ಮಠದ್ದಲ್ಲ, ಬ್ರೆಜಿಲ್ ಅನ್ನೂ ದೇಶದಾಗಿನ ಒಂದು ಕಾಲ್ಚೆಂಡಿನ ಸಂಘದ್ದು, ಅವರನ ಟಪಾಲಿಲೆ ಕಳಿಸ್ಯಾರ ಅಂದ್ರ ನನ್ನ ಮುಖಾನ ನೋಡತಾರ. ಮುದುಕಿ ತಲಿ ತಿರಗೈತಿ ಅಂತ ತಿಳೀತಾರ. ತಿಳ್ಕೊಳ್ಳಲಿ.

ನನಗ ಚೆಂಡಾಟದ ಗಂಧಾ ಇಲ್ಲ. ಸಣ್ಣಾಕಿದ್ದಾಗ ನಾ ಆಡಿದ್ದು ಗಜಗದಾಟ ಒಂದನ. ಅದರಾಗೂ ಮೋಸಾ ಮಾಡತಿದ್ದೆ, ಉಡ್ಯಾಗ ಎರಡು ಗಜಗ ಹೆಚ್ಚಿಗೆ ಇಟ್ಟಗೊಂಡು ಕುಂದರತಿದ್ದೆ. ಓದೂದೂ ಅಷ್ಟಕ್ಕಷ್ಟ. ಬಸ್ಸಿನ ಬೋರ್ಡು ಅಕ್ಷರ ಕೂಡಿಸಿ ಓದೂದ್ರಾಗ ಬಸ್ಸು ಹೋಗಿರತೈತಿ. ಆದ್ರ ಆ ಸಂಘದ ಇತಿಹಾಸ ಮಾತ್ರ ಈಗ ನನಗ ಬೀಗರ ಮನಿ ಹಕೀಕತ್ತಿನಂಗ ಬಾಯಿಪಾಠ ಆಗೈತಿ. ಹೆಂಗ ಆತು ಅಂತ ಹೇಳತೇನಿ. ನಡುವ ಹಾದಿ ಬಿಟ್ಟರ ಎಳದು ತರಬ್ಯಾಡ್ರಿ, ತಿರಗಾಡಿ ನಾನ ಬರ್ತೇನಿ.

ಬ್ಯಾಸಗ್ಯಾಗ ನಮ್ಮ ಎತ್ತು ಕುಂಟಾಕತ್ತಿತು. ಮನಿಗೆ ಟ್ರ್ಯಾಕ್ಟರ್ ಬಂದ ಮ್ಯಾಲೆ ಉಳದದ್ದು ಇದೊಂದನ ಎತ್ತು. ದುಡಿಮಿ ಇಲ್ಲ, ದುಃಖಾನೂ ಇಲ್ಲ. ತಿಂದು ಗ್ವಾದಲಿ ಮುಂದ ನಿಂತಿರತೈತಿ. ಬಾಗೇವಾಡಿಯಿಂದ ದನದ ಡಾಕ್ಟರಬಾಯಿ ಸ್ಕೂಟಿ ಮ್ಯಾಲೆ ಬಂದ್ಲು. ರೇಣುಕಾ ಅಂತ ಹೆಸರು. ಕಡ್ಡಿಯಂಥಾ ಹುಡುಗಿ, ಆದ್ರ ಎತ್ತಿನ ಕಾಲ ಹಿಡದ್ಲು ಅಂದ್ರ ಎತ್ತಿಗೂ ನಾಚಿಕಿ ಬಂದು ಸುಮ್ಮನ ನಿಲ್ಲಬೇಕು. ಗೊರಸಿನಾಗಿನ ಕಲ್ಲು ತಗದು, ಔಷಧ ತುಂಬಿ, ಕೈ ತೊಳಕೋತ ಎತ್ತಿನ್ನ ಮ್ಯಾಲಿಂದ ಕೆಳಗ ನೋಡಿದ್ಲು.

"ನೀಲವ್ವಾರ, ಇದು ನಮ್ಮ ಕೃಷ್ಣಾ ದಂಡಿ ತಳಿರಿ. ಈಗ ಹುಡಕಿದ್ರೂ ಸಿಗೂದಿಲ್ಲ. ಇವುಗಳ ಮರಿಮಕ್ಕಳು ಬ್ರೆಜಿಲದಾಗ ರಗಡ ಅದಾವ ನೋಡ್ರಿ."

"ಅಲ್ಲಿಗೆ ಹೆಂಗ ಹೋದ್ವು? ಮೇಯಕೋತನ?"

"ಹಡಗದಾಗ್ರಿ, ಬ್ರಿಟಿಷರ ಕಾಲಕ್ಕ. ನನ್ನ ಗೆಳತಿ ಒಬ್ಬಾಕಿ ಅಲ್ಲಿ ದನದ ತಳಿ ಬಗ್ಗೆ ಕಲಿಯಾಕ ಹೋಗ್ಯಾಳ. ಒಂದು ವಿಡಿಯೋ ಕಳಿಸ್ಯಾಳ, ತಡೀರಿ. ಆಕಿ ಇರೂ ಊರಾಗ ಚೆಂಡಾಟಕ್ಕೂ ಹೋರಿ ಬೇಕಂತ."

ಆಕಿ ಮೊಬೈಲ್ ನನ್ನ ಮುಖದ ಮುಂದ ಹಿಡದ್ಲು. ಒಂದು ದೊಡ್ಡ ಬಯಲು. ಸುತ್ತ ಮೆಟ್ಟಲದ ಮ್ಯಾಲೆ ಕೆಂಪು ಅಂಗಿ ತೊಟ್ಟ ಮಂದಿ, ಇರುವಿ ಮುಕರಿಧಂಗ. ಬಯಲದ ಒಂದು ಮಗ್ಗಲಾ ನಮ್ಮೂರ ಅಗಸಿ ಬಾಗಿಲದಂಥಾ ಒಂದು ಕಂಡಿ. ಕಂಡಿಗೆ ಅಡ್ಡ ಒಂದು ಹಗ್ಗ. ಹಗ್ಗಕ್ಕ ಸಾಲಾಗಿ ಹಸರ ತಪ್ಪಲ ಕಟ್ಯಾರ. ಹಗ್ಗದ ಹಿಂದ, ಕೋಡಿಗೆ ಕೆಂಪು ಬಣ್ಣ ಬಳಕೊಂಡು, ಒಂದು ಬಿಳಿ ಹೋರಿ ನಿಂತೈತಿ.

ನಾ ಚಹಾ ಕುಡಿಯೂದು ಬಿಟ್ಟೆ.

ಅಷ್ಟೂ ಮಂದಿ ಒಮ್ಮೆಲೆ ಸುಮ್ಮನಾದ್ರು. ಆಮ್ಯಾಲೆ ಎಲ್ಲಾರೂ ಕೂಡೆ ಒಂದು ಕೂಗು ಹಾಕಿದ್ರು. ಅದು ಮಾತಲ್ಲ. ಗಂಟಲದ ತಳದಾಗ ಸುರುವಾಗಿ, ಮ್ಯಾಲೆ ಮ್ಯಾಲೆ ಏರಿ, ನೆತ್ತಿ ಮುಟ್ಟಿದ ಕೂಡಲೆ ಯಾರೋ ಕುಡಗೋಲಿನಿಂದ ಕೊಯ್ದಂಗ ನಿಲ್ಲೂ ಕೂಗು. ಹೋರಿ ಹಾರಿತು, ಹಗ್ಗ ಹರೀತು, ಹಿಂದಿನಿಂದ ಚೆಂಡಾಟದ ಹುಡುಗೂರು ಓಡಿ ಬಂದ್ರು.

ಮೊದಲ ನಮ್ಮ ಕಡೆ ಒಂದೊಂದು ಮನಿಗೆ ಒಂದೊಂದು ಕೂಗು ಇರತಿತ್ತು. ಅಡವ್ಯಾಗ ಊರ ದನಾ ಎಲ್ಲಾ ಕೂಡಿ ಮೇದ್ರೂ, ಸಂಜಿಕ ತಮ್ಮ ಮನಿ ಕೂಗಿಗೆ ತಾವು ತಿರಗತಿದ್ವು. ಆ ಮಂದಿ ಹಾಕಿದ್ದು ನಮ್ಮ ಮನಿ ಕೂಗು. ನಮ್ಮಪ್ಪ ಹಾಕತಿದ್ದ, ಆತನ ಒಬ್ಬಾಕಿನ ಮಗಳಂತ ನಾ ಕಲತೇನಿ. ನನ್ನ ಮಗಗ ಬರೂದಿಲ್ಲ, ಆತಗ ಹಾರ್ನ್ ಹೊಡಿಯೂದು ಬರತೈತಿ. ಈ ಭೂಮಿ ಮ್ಯಾಲೆ ಅದು ನನ್ನ ಗಂಟಲದಾಗ ಒಂದನ ಉಳದೈತಿ ಅಂತ ನಾ ತಿಳಕೊಂಡಿದ್ದೆ.

ನನಗ ಭ್ರಮಾ ಆಗಿರಬೇಕು ಅಂದುಕೊಳ್ಳೂದ್ರಾಗ, ಮಲಗಿದ್ದ ನಮ್ಮ ಎತ್ತು ಎದ್ದು ನಿಂತಿತು. ಕುಂಟೂ ಕಾಲ ನೆಲಕ್ಕೂರಿ, ಕಿವಿ ಎರಡೂ ಮುಂದ ಮಾಡಿ, ಹಗ್ಗ ಜಗ್ಗಿ ಜಗ್ಗಿ ಮೊಬೈಲ್ ಇದ್ದ ಕಡೆ ಮೂಗು ಚಾಚಿತು. ಡಾಕ್ಟರಬಾಯಿ ನಗಕೋತ ಮೊಬೈಲ್ ಕಿಸೇದಾಗ ಇಟ್ಲು. ಎತ್ತು ಆಕಿ ಕಿಸೇನ ಮೂಸಿತು. ಆವಾಗ ಆಕಿ ನಗೂದು ನಿಲ್ಲಿಸಿದ್ಲು.

ತೆಂಕಣದವರಿಗೆ ಕರಿ ಅಂದ್ರ ಏನಂತ ಗೊತ್ತಿರಲಿಕ್ಕಿಲ್ಲ. ಕಾರಹುಣ್ಣಿವಿ ದಿನಾ ಎತ್ತುಗೋಳ ಮೈ ತೊಳದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗಿ ತಿನಿಸಿ, ಸಂಜಿಕ ಅಗಸಿ ಮುಂದ ತರತಾರ. ಅಗಸಿಗೆ ಅಡ್ಡ ಬೇವಿನ ತಪ್ಪಲ ಕಟ್ಟಿದ ಹಗ್ಗ ಹಿಡೀತಾರ. ಯಾವ ಎತ್ತು ಓಡಿ ಬಂದು ಮೊದಲ ಹಗ್ಗ ಹರೀತೈತೋ ಅದು ಕರಿ ಹರಿದಂಗ. ಬಿಳೇ ಎತ್ತು ಹರಿದ್ರ ಹಿಂಗಾರಿ ಜ್ವಾಳ ಚಲೋ, ಕೆಂದೆತ್ತು ಹರಿದ್ರ ಮುಂಗಾರಿ ಚಲೋ. ನಮ್ಮ ಡೋಣಿ ಹೊಳಿ ದಂಡಿ ಮಂದಿ ಮಳಿ ಸುದ್ದಿ ರೇಡಿಯೋದಾಗ ಕೇಳತಾರ, ನಂಬೂದು ಮಾತ್ರ ಎತ್ತಿನ್ನ.

ನಮ್ಮೂರಾಗ ಕರಿ ಹರಿಯೂ ಮಾನ ಮೊದಲ ನಮ್ಮ ಮನೀದಾಗಿತ್ತು. ಆದ್ರ ನಾ ಹುಟ್ಟಿದಾಗಿಂದ ನಮ್ಮ ಎತ್ತು ಓಡಿದ್ದ ನಾ ನೋಡಿಲ್ಲ. ಕೋಡಿಗೆ ಬಣ್ಣ ಹಚ್ಚತಿದ್ವಿ, ಗೊಂಡೇವು ಕಟ್ಟತಿದ್ವಿ, ಹೋಳಿಗಿ ತಿನಸತಿದ್ವಿ, ಆಮ್ಯಾಲೆ ಕೊಟಿಗ್ಯಾಗ ಗಟ್ಟಿ ಕಟ್ಟಿ ಹಾಕತಿದ್ವಿ. ಮದಲಗಿತ್ತಿನ್ನ ಸಿಂಗಾರ ಮಾಡಿ ಕೀಲಿ ಹಾಕಿಧಂಗ. ಅಗಸ್ಯಾಗ ಹಲಗಿ ಬಡದು ಹೋ ಅಂದ ಕೂಡಲೆ ಕೊಟಿಗ್ಯಾಗಿನ ಎತ್ತುಗೋಳು ಒಮ್ಮೆಲೆ ತಲಿ ತಿರಗಿಸಿ ಬಾಗಿಲ ಕಡೆ ನೋಡತಿದ್ವು. ಅಗಸಿ ಇದ್ದದ್ದು ಮೂಡಲಕ್ಕ, ಬಾಗಿಲ ಇದ್ದದ್ದು ಪಡುವಲಕ್ಕ. ದನಿ ಬಂದ ಕಡೆ ನೋಡೂದು ಬಿಟ್ಟು ಅವು ಪಡುವಲಕ್ಕ ಯಾಕ ನೋಡತಿದ್ವು ಅಂತ ಕೇಳಿದ್ರ ನಮ್ಮಪ್ಪ "ಸುಮ್ಮ ಕುಂದ್ರು" ಅಂತಿದ್ದ.

ಇದಕ್ಕೆಲ್ಲಾ ಕಾರಣ ನಮ್ಮ ಮುತ್ಯಾ ಬಸಲಿಂಗಪ್ಪ. ನಮ್ಮಪ್ಪನ ಅಪ್ಪ. ಬ್ರಿಟಿಷರ ಕಾಲಕ್ಕ ಪರದೇಶದ ದಲ್ಲಾಳಿಗೋಳು ಬಂದು ತಾಳಿಕೋಟಿ ಸಂತ್ಯಾಗ ಬಿಡಾರ ಹೂಡಿ, ಮುದ್ದೇಬಿಹಾಳ, ಸಿಂದಗಿ ಎಲ್ಲಾ ತಿರಗಿ ಬಿಳೇ ಹೋರಿ ಆರಿಸಿ ಆರಿಸಿ ಕೊಂಡ್ರಂತ. ನಮ್ಮ ಹೋರೀನೂ ಕೊಂಡ್ರು. ಅದು ಮುತ್ಯಾನ ಕೈ ಬಿಟ್ಟು ಬ್ಯಾರೆಯವರ ಕೈಯಿಂದ ಹುಲ್ಲು ಮುಟ್ಟತಿರಲಿಲ್ಲ. ಅದಕ್ಕ "ನೀನೂ ಹಡಗದಾಗ ಬಾ, ಮುಟ್ಟಿಸಿ ಹೊಳ್ಳಿ ಬರ್ಯಂತ" ಅಂದ್ರು. ಮುತ್ಯಾ ಕಂಬಳಿ ಹೆಗಲ ಮ್ಯಾಲೆ ಹಾಕ್ಕೊಂಡ. ಅಮ್ಮನ ಹೊಟ್ಟ್ಯಾಗ ಆವಾಗ ನಮ್ಮಪ್ಪ. ನಾವು ಅಪ್ಪನ ಅವ್ವನ್ನ ಅಮ್ಮ ಅಂತೇವಿ. ಬಾಗಿಲದಾಗ ನಿಂತು ಮುತ್ಯಾ ಅಂದದ್ದು ಇಷ್ಟ: "ಕಾರಹುಣ್ಣಿವಿಗೆ ಬರ್ತೇನಿ. ನಾ ಬರೂ ತನಕಾ ಮನಿ ಕರಿ ಹರಸಬ್ಯಾಡ್ರಿ."

ಇಂಡಿ ಸ್ಟೇಷನ್ದಾಗ ಹೋರಿಗೋಳ ಕೂಡ ರೈಲು ಹತ್ತಿದ್ದನ್ನ ನಮ್ಮೂರಾಂವ ಒಬ್ಬ ನೋಡಿ ಬಂದಿದ್ದ. ಅದನ ಕಡೀ ಸುದ್ದಿ.

ಯಾವ ಕಾರಹುಣ್ಣಿವಿ ಅಂತ ಹೇಳಿರಲಿಲ್ಲಲ್ಲ. ಪ್ರತಿ ವರ್ಷಾನೂ ಇದು ಇರಬಹುದು ಅಂತ ಎತ್ತು ಕಟ್ಟಿ ಕುಂತ್ರು. ಮೊದಲ ಅಮ್ಮ, ಆಮ್ಯಾಲೆ ನಮ್ಮಪ್ಪ, ಆಮ್ಯಾಲೆ ನಾನು. ನನ್ನ ಗಂಡ ಮನಿ ಅಳಿಯಾ ಆಗಿ ಬಂದಾಂವ, ಆತನೂ ಸಾಯೂ ತನಕಾ ಕಟ್ಟಿದ. ಎಲ್ಲಾರೂ ನಮ್ಮ ಮನಿಯವರು ಮೂರ್ಖರು ಅಂತಿದ್ರು. ನನಗೂ ಹಂಗನ ಅನಸತಿತ್ತು. ಆದ್ರ ಕಟ್ಟೂದು ಬಿಡಾಕ ಧೈರ್ಯ ಆಗತಿರಲಿಲ್ಲ. ಬಿಟ್ಟ ವರ್ಷಾನ ಬಂದು ಬಾಗಿಲದಾಗ ನಿಂತ್ರ?

ಅಮ್ಮಂದು ಬ್ಯಾರೆ ಫಜೀತಿ. ಕುಂಕುಮ ಹಚ್ಚಗೋತಿದ್ಲು, ಹಸರ ಬಳಿ ಇಡಸಕೋತಿದ್ಲು. ಹೆಣಾ ನೋಡದ ಕುಂಕುಮ ಒರಸಂಗಿಲ್ಲ ಅಂತ ಆಕಿ ಹಟ. ಊರಾಗ ಎದುರಿಗೆ ಯಾರೂ ಏನೂ ಅನ್ನತಿರಲಿಲ್ಲ. ಆದ್ರ ಮದವಿ ಮನ್ಯಾಗ ಆರತಿ ಎತ್ತಾಕ, ಉಡಿ ತುಂಬಾಕ ಕರೀವಾಗ ಆಕಿ ಹೆಸರು ಹೆಂಗೋ ಮರತು ಹೋಗತಿತ್ತು. ವಿಧವಿ ಅಲ್ಲ, ಮುತ್ತೈದಿನೂ ಅಲ್ಲ. ಸಭಾದಾಗ ಕಂಬದ ಮರಿಗೆ ಕುಂದರತಿದ್ಲು. ನನಗ ಆಕಿ ಮ್ಯಾಲೆ ಪ್ರೀತಿ ಏನೂ ಉಕ್ಕಿ ಹರೀತಿರಲಿಲ್ಲ. ಬಾಯಿ ಕೆಟ್ಟದ್ದು, ರೊಟ್ಟಿ ದಪ್ಪ ಆದ್ರ ತಾಟು ಎತ್ತಿ ಮುಖಕ್ಕ ಒಗಿಯಾಕಿ. ಆದ್ರ ಕಂಬದ ಮರಿಗೆ ಕುಂದ್ರೂದು ಮಾತ್ರ ನನ್ನ ಕಣ್ಣಾಗ ಚುಚ್ಚಿ ಉಳದೈತಿ.

ನಾ ಪರಕಾರ ತೊಡೂ ವಯಸ್ಸಿನ್ಯಾಗ ಆಕಿ ಸತ್ಲು. ನಮ್ಮಲ್ಲಿ ಹೆಣಾ ಕುಂದ್ರಸತಾರ. ಗ್ವಾಡಿಗೆ ಆನಿಸಿ, ಗದ್ದಕ್ಕ ಬಟ್ಟಿ ಕಟ್ಟಿ ಕುಂದ್ರಸಿದ್ರು. ಅರ್ಧಾ ತೆರದ ಕಣ್ಣಿಲೆ ಆಕಿ ಎಲ್ಲಾರ್ನೂ ನೋಡಾಕತ್ತಿದ್ಲು. ಆಕಿ ಮುಂದನ ಹೆಂಗಸರ ಜಗಳ ಸುರುವಾತು.

"ಗಂಡ ಇದ್ದಾನೋ ಇಲ್ಲೋ ಗೊತ್ತಿಲ್ಲದಾಕಿಗೆ ಹಸರ ಬಳಿ ಹೆಂಗ ಇಡಸ್ತೀರಿ? ಊರಿಗೆ ಒಳ್ಳೇದಲ್ಲ."

"ಇಲ್ಲ ಅಂತ ನಿನ್ನ ಕನಸಿನ್ಯಾಗ ಬಂದು ಹೇಳ್ಯಾನೇನು?"

"ಇದ್ರ ಬರತಿದ್ದಿಲ್ಲೇನ?"

"ನಿನ್ನ ಗಂಡ ದಿನಾ ಬರತಾನ, ಬಂದು ಏನ ಕಡದು ಹಾಕ್ಯಾನ?"

ಹೆಣದ ಮುಂದ ಮಂದಿ ನಕ್ಕದ್ದನ್ನ ನಾ ನೋಡಿದ್ದು ಅದೊಂದ ಸಲ. ನಮ್ಮಪ್ಪ ನಗಲಿಲ್ಲ. "ಆಕಿ ಹಣಿ ನೋಡ್ರಿ. ನಿನ್ನೆ ತಾನ ಹಚ್ಚಗೊಂಡಾಳ. ಒರಸೂ ಗಂಡಸು ಯಾರಾರ ಇದ್ರ ಮುಂದ ಬರ್ರಿ" ಅಂದ. ಯಾರೂ ಬರಲಿಲ್ಲ. ಬಳಗಾರ ಮುದುಕನ್ನ ಕರಸಿದ್ರು. ಹೆಣದ ಕೈ ಸೆಟದಿರತೈತಿ, ಬಳಿ ಏರೂದಿಲ್ಲ, ಒಡೀತಾವು ಅಂತ ಆತ ಗೊಣಗಿದ. ನಾ ಅಮ್ಮನ ಮೊಣಕೈ ಹತ್ರ ಕುಂತಿದ್ದೆ. ಬಳಿ ಇಡಿಸಿಕೊಳ್ಳುವಾಗ ನಾವು ಹೆಂಗಸರು ಹೆಬ್ಬೆರಳ ಒಳಗ ಮಡಚತೇವಲ್ಲ, ಹಂಗ ಅಮ್ಮನ ಹೆಬ್ಬೆರಳು ಮೆಲ್ಲಕ ಒಳಗ ಮಡಚಿತು. ಬಳಿ ಸರ್ರಂತ ಏರಿದ್ವು. ಬಳಗಾರ ನನ್ನ ನೋಡಿದ, ನಾ ಬಳಗಾರನ್ನ ನೋಡಿದೆ. ಆತ ಯಾರಿಗೂ ಹೇಳಲಿಲ್ಲ. ನಾ ಈಗ ನಿಮಗ ಹೇಳಾಕತ್ತೇನಿ.

ಮುತ್ತೈದಿ ಸತ್ತಾಳ ಅಂತ ಊರು ಒಪ್ಪಿತು. ಅಂದಿನಿಂದ ಮಹಾನವಮಿ ಅಮಾಸಿಗೆ ಹಿರ್ಯಾರಿಗೆ ಎಡಿ ಹಿಡಿಯೂವಾಗ ಅಮ್ಮನ ಹೆಸರಿಲೆ ಹಸರ ಸೀರಿ, ಬಳಿ ಇಡತೇವಿ. ಜೀವಂತ ಇದ್ದಾಗ ಕಂಬದ ಮರಿಗೆ ಕುಂತಾಕಿ ಸತ್ತ ಮ್ಯಾಲೆ ನಡುಮನ್ಯಾಗ ಕುಂತ್ಲು. ಮುತ್ಯಾಗ ಮಾತ್ರ ಎಡಿ ಇಲ್ಲ. ಇದ್ದಾಂವಗ ಎಡಿ ಹಿಡದ್ರ ಕೊಂದಂಗ.

ಡಾಕ್ಟರಬಾಯಿಗೆ ಇಷ್ಟೆಲ್ಲಾ ಹೇಳಿದೆ. ಆಕಿ ಎಲ್ಲಾ ಕೇಳಿ ಗೆಳತಿಗೆ ತಿಳಿಸಿದ್ಲು. ಕಾರಹುಣ್ಣಿವಿ ಹತ್ರ ಬಂದಾಗ ಎತ್ತಿನ ಕಾಲ ನೋಡೂ ನೆವಾ ಮಾಡಿ ಮತ್ತ ಬಂದ್ಲು. ಎತ್ತು ಕುಂಟೂದು ಬಿಟ್ಟು ವಾರಾತಂತ ಇಬ್ಬರಿಗೂ ಗೊತ್ತಿತ್ತು. ಸೊಸಿ ಕಸ್ತೂರಿ ಚಹಾ ತಂದು ಬಾಗಿಲಕ್ಕ ಆತು ನಿಂತ್ಲು. ಮಗ ಟ್ರ್ಯಾಕ್ಟರ್ ತೊಳಿಯೂದು ಬಿಟ್ಟು ಬಂದ.

ಗೆಳತಿ ತಿಳಿಸಿದ್ದನ್ನೆಲ್ಲಾ ಡಾಕ್ಟರಬಾಯಿ ಹೇಳಿದ್ಲು. ಆ ಸಂಘದ ಊರು ದನಗಾರರ ಊರಂತ. ಕೆಂಪು ಮಣ್ಣು, ಕಣ್ಣು ಹೋದಷ್ಟು ಹುಲ್ಲು. ಹಡಗದಿಂದ ಇಳಿಸಿದ ಹೋರಿಗೋಳ್ನ ಕೂಡಿ ಹಾಕಾಕ ಒಂದು ದೊಡ್ಡ ದೊಡ್ಡಿ ಮಾಡಿದ್ರಂತ. ಹೋರಿ ಮಾರಿ ದೊಡ್ಡಿ ಖಾಲಿ ಆದಾಗ ದನಾ ಕಾಯೋ ಆಳುಗೋಳು ಅದರಾಗ ಚೆಂಡ ಒದ್ಯಾಕತ್ತಿದ್ರು. ಹಂಗ ಹುಟ್ಟಿದ್ದು ಆ ಸಂಘ. ದೊಡ್ಡಿ ಗೂಟಾನ ಕಿತ್ತು ಗೋಲಿನ ಕಂಬಾ ಮಾಡಿದ್ರು. ಹೋರಿ ಚಿತ್ರಾನ ಗುರುತಾತು. ಶ್ಯಾಣ್ಯಾ ಊರಿನ ಸಂಘದವರು "ದನಾ ಕಾಯೋರು ಬಂದ್ರು" ಅಂತ ಹುಲ್ಲಿನ ಸಿವುಡು ಒಗದು ಚಾಷ್ಟಿ ಮಾಡತಿದ್ರಂತ. ಇವರು ಗೆದ್ದ ದಿನಾ ಆ ಹುಲ್ಲೆಲ್ಲಾ ಆರಿಸಿ ತಂದು ಹೋರಿಗೆ ಹಾಕತಿದ್ರು. ಈಗೂ ಹಾಕತಾರ. ಸೋತ ದಿನಾ ಹುಡುಗೂರು ಹೋರಿ ಮುಂದ ಹಾಯೂದಿಲ್ಲ, ನಾಚಿಕಿಗೆ ಹಿಂದಿನ ಬಾಗಿಲದಿಂದ ಹೋಗತಾರ. ಆಟಕ್ಕ ಇಳಿಯೂ ಮೊದಲ ಒಬ್ಬೊಬ್ಬರೂ ಹೋರಿ ಡುಬ್ಬ ಮುಟ್ಟಿ ಬರತಾರ. ಇದು ನನಗ ಸೇರಿತು. ನಮ್ಮೂರ ಕಬಡ್ಡಿ ಹುಡುಗೂರು ಬರೇ ಕ್ಯಾಮರಾ ಮುಟ್ಟತಾರ.

"ಆ ಹಗ್ಗ? ಆ ಕೂಗು?" ಅಂತ ಕೇಳಿದೆ.

"ಅದನ್ನ ಕಲಿಸಿದಾಂವ ಹೋರಿ ಕೂಡ ಬಂದಾಂವ ಒಬ್ಬ ಅಂತ್ರಿ. ಅವಂಗ ಅವರ ಭಾಷಾ ಬರತಿರಲಿಲ್ಲ, ಅವರಿಗೆ ಅವಂದು ಬರತಿರಲಿಲ್ಲ. ಹೆಸರು ಯಾರಿಗೂ ಗೊತ್ತಿಲ್ಲ. ಒಂದು ದಿನಾ ತಾನ ಹಗ್ಗ ಕಟ್ಟಿ, ತಪ್ಪಲ ಕಟ್ಟಿ, ಹೋರಿ ಓಡಿಸಿದ. ಅವತ್ತ ಇವರು ಗೆದ್ರು. ಅಲ್ಲಿಂದ ಪ್ರತಿ ವರ್ಷ ಮೊದಲನೇ ಆಟಕ್ಕ ಹಂಗನ ನಡಕೋತ ಬಂದೈತಿ. ಯಾಕ ಅಂತ ಅವರಿಗೂ ತಿಳೀದು."

ನಾವು ಇಲ್ಲಿ ಎತ್ತು ಕಟ್ಟಿ ಹಾಕಿ ಕುಂತಾಗ ಆ ಪುಣ್ಯಾತ್ಮ ನಮ್ಮ ಮನಿ ಕರಿ ಅಲ್ಲಿ ಹರಿಸಿದ್ದ! ನನಗ ಸಿಟ್ಟು ನೆತ್ತಿಗೇರಿತು. ಎದುರಿಗೆ ಇದ್ದಿದ್ರ ಎರಡು ಬಾರಸತಿದ್ದೆ.

ಕಸ್ತೂರಿ ಬಾಗಿಲದಾಗಿಂದ ಅಂದ್ಲು: "ಅತ್ತಿ, ಅಲ್ಲೊಂದು ಮನೀನೂ ಮಾಡಿರಬೇಕ್ರಿ. ನಿಮಗ ಕೆಂಪಂಗಿ ತೊಟ್ಟ ಕಾಕಾಗೋಳು ಇದ್ದಾರು."

"ಇದ್ರ ಕರಸು. ರೊಟ್ಟಿ ನೀ ಬಡಿ" ಅಂದೆ.

ಡಾಕ್ಟರಬಾಯಿ ಒಂದು ಫೋಟೋ ತೋರಿಸಿದ್ಲು. ಸಂಘದ ಮೊದಲಿನ ಆಟಗಾರರದ್ದು, ಸಂಘದ ಗ್ವಾಡಿ ಮ್ಯಾಲೆ ಹಾಕ್ಯಾರಂತ. ಮೀಸಿ ಹೊತ್ತ ಹುಡುಗೂರು ಕೈ ಕಟಗೊಂಡು ನಿಂತಾರ. ತುದ್ಯಾಗ ರುಮಾಲು ಸುತ್ತಿದಾಂವ ಒಬ್ಬ, ಹೆಗಲ ಮ್ಯಾಲೆ ಕಂಬಳಿ, ಕೋಲಿಗೆ ಆತು, ಒಂದ ಕಾಲಿನ ಮ್ಯಾಲೆ ನಿಂತು ಇನ್ನೊಂದು ಪಾದ ಮೊಣಕಾಲಿಗೆ ಹಚ್ಚ್ಯಾನ. ನಮ್ಮಪ್ಪ ಹಂಗನ ನಿಲ್ಲತಿದ್ದ. ತಂದಿ ಮುಖಾ ನೋಡದ ಮಗಾ ತಂದಿಯಂಗ ನಿಲ್ಲೂದನ್ನ ಎಲ್ಲಿ ಕಲತಿದ್ದ? ಮುಖಾ ನೋಡೂನಂತ ಮೊಬೈಲ್ ಹತ್ರ ತಂದೆ. ಫೋಟೋ ಹೊಡೀವಾಗ ತಲಿ ಹೊಳ್ಳಿಸಿರಬೇಕು. ರುಮಾಲಿನ ಕೆಳಗ ಮುಖಾ ಇರಬೇಕಾದಲ್ಲಿ ಬರೇ ಬೆಳ್ಳಗ ಐತಿ. ಡಾಕ್ಟರಬಾಯಿ ಎರಡು ಬೆರಳಿಲೆ ಎಷ್ಟು ಹಿಗ್ಗಿಸಿದ್ರೂ ಬೆಳ್ಳಗ ಹೆಚ್ಚಾತು ಹೊರತು ಮುಖಾ ಬರಲಿಲ್ಲ.

"ಇನ್ನೊಂದೈತ್ರಿ ನೀಲವ್ವಾರ," ಅಂದ್ಲು. ದನಿ ಸಣ್ಣ ಮಾಡಿದ್ಲು. "ಆ ಬಯಲಕ್ಕ ಒಂದು ಹಳೇ ಬಾಗಿಲ ಐತಂತ್ರಿ. ಅದನ್ನ ಎಂದೂ ಹಾಕೂದಿಲ್ಲ. ಯಾರೂ ಹಾಯೂದೂ ಇಲ್ಲ. ಹೋರೀನ ಆ ಕಡೆ ಎಳದ್ರ ಅದೂ ಹಿಂದಕ್ಕ ಸರೀತೈತಿ. ಯಾರೂ ತುಳಿಯೂದಿಲ್ಲ, ಆದ್ರೂ ಅಲ್ಲಿ ಒಬ್ಬ ಮನಶಾ ನಡಿಯೂವಷ್ಟು ಅಗಲ ಹುಲ್ಲು ಬೆಳೆಯೂದಿಲ್ಲಂತ."

"ಯಾಕ ಹಾಕೂದಿಲ್ಲ?"

"ಆತ ಅದರಾಗಿಂದ ಹೋದನಂತ್ರಿ. ನಾಕಾರು ವರ್ಷ ಇದ್ದು, ಒಂದು ದಿನಾ ಕಂಬಳಿ ಹಾಕ್ಕೊಂಡು ಹಡಗದ ಕಡೆ ಹೊಂಟ. ಕೈಸನ್ನಿ ಮಾಡಿ ಹೇಳಿದನಂತ, ಊರಿಗೆ ಹೋಗಿ ಬರ್ತೇನಿ, ನಾ ಬರೂ ತನಕಾ ಬಾಗಿಲ ಹಾಕಬ್ಯಾಡ್ರಿ ಅಂತ."

ನಾವು ಆತ ಅಲ್ಲಿದ್ದಾನ ಅಂತ ಎತ್ತು ಕಟ್ಟಿ ಕುಂತಿದ್ವಿ. ಅವರು ಆತ ಇಲ್ಲಿದ್ದಾನ ಅಂತ ಬಾಗಿಲ ತೆರದು ಕುಂತಾರ. ಎರಡೂ ಕಡೆ ಒಂದ ಮಾತು ಹೇಳಿ ಹೊಂಟಾನ, ನಡುವ ಎಲ್ಲೋ ನೀರಾಗ ನಿಂತಾನ.

"ನಿಮಗೊಂದು ಕೇಳ್ಯಾರ್ರಿ," ಅಂದ್ಲು ಡಾಕ್ಟರಬಾಯಿ. "ಆತ ಊರು ಮುಟ್ಟಿದನೇನು ಅಂತ."

ನನ್ನ ಮಗಗ ವಿಚಾರ ಕಮ್ಮಿ, ಮಾತು ಜಲ್ದಿ. "ಮುಟ್ಟಲಿಲ್ಲಂದ ಮ್ಯಾಲೆ ಹಡಗದಾಗೋ ಸಮುದ್ರದಾಗೋ ಆವಾಗನ ಸತ್ತಾನ. ನಮ್ಮಪ್ಪನೂ ಸುಮ್ಮನ ಎತ್ತು ಕಟ್ಟಿದ. ಈ ಕಾರಹುಣ್ಣಿವಿಗೆ ನಾ ಎತ್ತು ಬಿಡಾಂವ ನೋಡವ್ವಾ."

ಕಸ್ತೂರಿ ಗಂಡನ್ನ ನೋಡಿ, ನನ್ನ ನೋಡಿ, ಮೆಲ್ಲಕ ಅಂದ್ಲು: "ಆವಾಗನ ಸತ್ತಿದ್ರ, ಅಮ್ಮ ಮುತ್ತೈದಿ ಸತ್ತಂಗ ಆಗೂದಿಲ್ಲಲ್ರಿ ಅತ್ತಿ."

ಈ ಮುದುಕನ್ನ ಸತ್ತಾನ ಅಂತ ಹಿರ್ಯಾರಾಗ ಕೂಡಿಸಬೇಕಂದ್ರ ನಮ್ಮಪ್ಪ ತೊಟ್ಟಿಲದಾಗಿದ್ದಾಗಿಂದ ಅಮ್ಮನ್ನ ವಿಧವಿ ಮಾಡಬೇಕು. ಆಕಿ ಹಚ್ಚಗೊಂಡ ಅಷ್ಟೂ ಕುಂಕುಮ ಸುಳ್ಳಾಗತೈತಿ. ಆ ಜಗಳಗಂಟಿ ಹೆಂಗಸರು ಗೆದ್ದಂಗ ಆಗತೈತಿ. ಹಸರ ಸೀರಿ ತಗದು, ಅಮ್ಮನ್ನ ಮತ್ತ ಕಂಬದ ಮರಿಗೆ ಒಯ್ದು ಕುಂದ್ರಸಬೇಕಾಗತೈತಿ. ಇದ್ದಾನ ಅಂತ ಸುಮ್ಮನ ಬಿಟ್ಟರ? ನಾ ಹೋದ ಮ್ಯಾಲೆ ಈ ಮನ್ಯಾಗ ಯಾರಿಗೂ ಆತನ ಕೂಗು ಬರೂದಿಲ್ಲ, ಹಕೀಕತ್ತೂ ಬೇಕಾಗಿಲ್ಲ. ಎಡಿ ಇಲ್ಲ, ಮಣ್ಣಿಲ್ಲ, ಆತ ಅಲ್ಲೇ ನಡುನೀರಾಗ ಕಂಬಳಿ ಹೊತ್ತು ನಿಲ್ಲಬೇಕು.

ಇಬ್ಬರೂ ಹಿರ್ಯಾರು. ಒಬ್ಬರ್ನ ದಂಡಿಗೆ ಎಳಿಯಾಕ ಹೋದ್ರ ಇನ್ನೊಬ್ಬರು ಮುಣಗತಾರ.

ಡಾಕ್ಟರಬಾಯಿ "ಅವಸರಿಲ್ಲ ತಗೀರಿ" ಅಂದ್ಲು. ನಾ ಎಲಿ ಅಡಿಕಿ ಹಾಕ್ಕೊಂಡು ಕುಂತೆ. ಆವಾಗ ಚಡಚಣದ ಚಿಗವ್ವ ನೆಪ್ಪಾದ್ಲು. ನಮ್ಮವ್ವನ ತಂಗಿ. ಒಮ್ಮೆ ಭೀಮಾ ಹೊಳಿ ತುಂಬಿ, ಹಳ್ಳದಾಗ ನೀರೇರಿ ಹಾದಿ ಬಂದ್ ಆಗಿತ್ತು. ಆ ದಿನದಾಗ ಆಕಿ ಸತ್ಲು. ನಮಗ ಸುದ್ದಿ ಬಂದದ್ದು ಹೊಳಿ ಇಳದ ಮ್ಯಾಲೆ. ಅಲ್ಲಿ ತನಕಾ ನಮ್ಮವ್ವ ಉಪ್ಪಿನಕಾಯಿ ಕಳಸಲಿಲ್ಲಂತ ಆಕಿಗೆ ದಿನಾ ಬೈಯಾಕತ್ತಿದ್ಲು. ಸುದ್ದಿ ಕೇಳಿ "ಅಯ್ಯೋ, ಸತ್ತಾಕಿಗೆ ಬೈದೆನಲ್ಲೋ" ಅಂತ ಎದಿ ಎದಿ ಬಡಕೊಂಡ್ಲು. ಊರ ಮುದುಕ ಅಯ್ಯನವರು ಬಂದು "ಹುಚ್ಚಿ, ನೀ ಬೈದಾಗ ಆಕಿ ಇದ್ಲು. ಸುದ್ದಿ ಮುಟ್ಟಿ ನೀ ತಲಿ ಮ್ಯಾಲೆ ನೀರು ಹಾಕ್ಕೊಂಡ ದಿನಾನ ನಿಮ್ಮ ಮನೀಗೆ ಸಾವು. ಸೂತಕ ಅಲ್ಲಿಂದ ಹಿಡೀತಾರ, ಹಿಂದಕ್ಕ ಹೋಗಿ ಹಿಡಿಯೂದಿಲ್ಲ" ಅಂದಿದ್ರು.

ನಾ ಎಲಿ ಉಗುಳಿ ಎದ್ದೆ.

"ಡಾಕ್ಟರಬಾಯಿ, ನಿನ್ನ ಗೆಳತಿಗೆ ಬರೀ. ಆತ ಊರು ಮುಟ್ಟಲಿಲ್ಲ. ಆತನ ಹೆಸರು ಬಸಲಿಂಗಪ್ಪ."

"ಬಾಗಿಲದ್ದು ಏನಂತ ಬರೀಲ್ರಿ?"

"ಹೆಣಾ ನಮ್ಮದು, ಬಾಗಿಲ ಅವರದು. ಅವರು ಹೆಂಗರ ಮಾಡಲಿ. ಕಸ್ತೂರಿ, ನೀರು ತುಂಬಿಡು. ಕಾಸಬ್ಯಾಡ."

ಹಾಡೇ ಹಗಲು, ಬಿಸಲು ರಣಾ ರಣಾ ಅನ್ನಾಕತ್ತಿತ್ತು. ಬಚ್ಚಲದಾಗ ಸೀರಿ ಮ್ಯಾಲೆನ ಕುಂತು ತಲಿ ಮ್ಯಾಲೆ ಸುರಕೊಂಡೆ. ಬಿಂದಿಗಿ ಬಗ್ಗಿಸಿದಾಗ ಕೊಟಿಗ್ಯಾಗಿನ ಎತ್ತು ಒಂದು ಸಲ ಒದರಿತು. ತುಟಿಗೆ ಹರದ ನೀರು ಉಪ್ಪುಪ್ಪಾಗಿತ್ತು. ನಮ್ಮ ಬೋರಿನ ನೀರ ಸವಳು, ಅದಕ್ಕ ಅರ್ಥಾ ಗಿರ್ಥಾ ಹಚ್ಚಬ್ಯಾಡ್ರಿ. ಆದ್ರ ಮೈ ಮಾತ್ರ ಗಡಗಡ ನಡಗಿತು. ಆ ಬ್ಯಾಸಗ್ಯಾಗ ನೀರು ಅಷ್ಟು ತಣ್ಣಗ ಇರಬಾರದಾಗಿತ್ತು.

ಒದ್ದಿ ಸೀರ್ಯಾಗ ಹೊರಗ ಬಂದೆ. ಡಾಕ್ಟರಬಾಯಿ ಎದ್ದು ನಿಂತಿದ್ಲು. ಮಗ ಅಂಜಕೋತ ಕೇಳಿದ, "ಮತ್ತ ಮಂದಿ ಕೇಳಿದ್ರ ಮುತ್ಯಾ ಯಾವಾಗ ಸತ್ತ ಅಂತ ಹೇಳೂದವ್ವಾ?"

"ಇವತ್ತ. ಈಗ, ನಾ ನೀರು ಹಾಕ್ಕೊಂಡಾಗ. ಅಲ್ಲಿ ತನಕಾ ಇದ್ದ."

"ಹಂಗಾದ್ರ ಕಾರಹುಣ್ಣಿವಿ?"

"ಈ ವರ್ಷ ಸೂತಕ ಐತಿ. ಮುಂದಿನ ವರ್ಷ ನಿನ್ನ ಎತ್ತು ನೀ ಬಿಡು. ಮಹಾನವಮಿಗೆ ಆತಗ ಎಡಿ ಹಿಡಿಯೂನು. ಅಮ್ಮನ ಮಗ್ಗಲಕ್ಕನ. ಆಕಿ ಹಸರ ಸೀರಿ ಯಾರೂ ಮುಟ್ಟಬ್ಯಾಡ್ರಿ."

ಕಸ್ತೂರಿ ಬೆರಳಿಗೆ ಹತ್ತು ವರ್ಷದಂಗ ಮುತ್ಯಾನ ವಯಸ್ಸು ಎಣಸಾಕತ್ತಿದ್ಲು. ಒಂದು ಕೈ ಬೆರಳು ತೀರಿ ಇನ್ನೊಂದು ಕೈಗೆ ಬಂದ್ಲು.

"ಅತ್ತಿ, ಅಷ್ಟು ವರ್ಷ ಯಾವ ಮನಶಾ ಬದುಕತಾನ್ರಿ?"

"ಹೆಂಡತಿ ಕುಂಕುಮ ಗಟ್ಟಿ ಇತ್ತು," ಅಂದೆ. "ಬದುಕಿದ."